ಎರವಲು ವಾಚು

ನಮ್ಮ ಹುಣಸೂರು ತಾಲ್ಲೂಕಿನ ಗಾವಡಗೆರೆ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಫೋಟೋಗಳಿಗೆ ಕಣ್ಣೆತ್ತರದಲ್ಲಿ ಜಾಗ ಕೊಡುವ ಪದ್ಧತಿ ಇಲ್ಲ. ಅವೇನಿದ್ದರೂ ನಡುಮನೆ ಬಾಗಿಲ ಮೇಲೆ, ತೊಲೆಯ ಪಕ್ಕ, ಮುಂದಕ್ಕೆ ಬಾಗಿಕೊಂಡು, ಬಂದವರ ನೆತ್ತಿ ನೋಡುತ್ತಾ ಇರಬೇಕು. ಬಂದವರು ಕತ್ತೆತ್ತಿ ‘ಇವ್ರು ಯಾರು?’ ಅನ್ನಬೇಕು. ಮನೆಯವರು ಅದಕ್ಕೇ ಕಾದಿದ್ದು ಶುರು ಹಚ್ಚಿಕೊಳ್ಳಬೇಕು. ಫೋಟೋ ನೋಡಲು ಅರೆಗಳಿಗೆ, ಕೇಳಲು ಒಂದು ಲೋಟ ಕಾಫಿ ಪೂರ್ತಿ ಆರುವಷ್ಟು ಹೊತ್ತು.

ಆ ಸಾಲಿಗೊಂದು ಕ್ರಮವೂ ಇದೆ. ಮೊದಲು ದೇವರು, ಆಮೇಲೆ ಮಠದ ಗುರುಗಳು, ಅವರ ಪಕ್ಕ ದೇವರಾಜ ಅರಸು, ಅದಾದ ಮೇಲೆ ಮನೆಯ ಹಿರೀಕರು. ಅರಸರು ಮುತ್ತಾತನಿಗಿಂತ ಮುಂದೆ ನಿಂತಿರುವುದಕ್ಕೆ ಕಾರಣ ಕೇಳಿದರೆ ಈಗಿನ ಹುಡುಗರಿಗೆ ಗೊತ್ತಾಗದು. ಅವರು ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರು, ಹುಣಸೂರಿನಿಂದ ಶಾಸನಸಭೆಗೆ ಹೋದವರು. ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂಸುಧಾರಣೆ ಕಾನೂನು ಬಂದ ಮೇಲೆ, 7ನೇ ನಂಬರ್ ಫಾರಂ ತುಂಬಿಕೊಟ್ಟು ಗೇಣಿ ಹೊಲವನ್ನು ಸ್ವಂತದ್ದು ಮಾಡಿಕೊಂಡವರ ಮನೆಗಳಲ್ಲಿ ಅವರು ಪಟವಾಗಿ ಗೋಡೆ ಏರಿದರು. ನಮ್ಮ ಮನೆಯ ಅರಸರು ಒಂದು ಕ್ಯಾಲೆಂಡರಿನಿಂದ ಕತ್ತರಿಸಿದವರು. ಕೆಳಗಡೆ ಭಾನುವಾರ, ಸೋಮವಾರಗಳ ತಲೆ ಸ್ವಲ್ಪ ಇಣುಕುತ್ತಿತ್ತು.

ಪಟಗಳ ಮುಂದೆ ಕಾಣುವುದಕ್ಕಿಂತ ಹಿಂದೆ ಇರುವುದೇ ದೊಡ್ಡ ಸಂಸಾರ. ಗೋಡೆಗೂ ಕಟ್ಟಿಗೂ ನಡುವಿನ ಸಂದಿಯಲ್ಲಿ ಕಂದಾಯದ ರಸೀದಿ, ಕರೆಂಟು ಬಿಲ್ಲು, ಕೂಡಿಬಾರದ ಯಾರದೋ ಜಾತಕ, ಒಂದು ಹಲ್ಲಿ, ಒಂದು ಗುಬ್ಬಚ್ಚಿ ಗೂಡು. ನಮ್ಮ ಮುತ್ತಾತನ ಪಟದ ಹಿಂದೆ ಮರಿ ಮಾಡಿದ ಗುಬ್ಬಚ್ಚಿಗಳ ವಂಶವೃಕ್ಷ ಬರೆದರೆ ನಮ್ಮ ವಂಶದ್ದಕ್ಕಿಂತ ದೊಡ್ಡದಾದೀತು.

ತಾತನ ಪಟಕ್ಕೆ ಬರುತ್ತೇನೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ತಾತ ಅಲ್ಲ, ವಾಚು. ಕುರ್ಚಿಯ ಕೈ ಮೇಲೆ ಎಡಗೈ ಊರಿ, ಕೋಟಿನ ತೋಳನ್ನು ಗೇಣುದ್ದ ಹಿಂದಕ್ಕೆ ಸರಿಸಿ, ವಾಚಿನ ಮುಖ ಕ್ಯಾಮೆರಾ ಕಡೆ ತಿರುಗುವಂತೆ ಮಣಿಕಟ್ಟನ್ನು ತಿರುಚಿಕೊಂಡು ತಾತ ಕೂತಿದ್ದಾನೆ. ಜೀವಮಾನದಲ್ಲಿ ತಾತ ಹೊತ್ತು ನೋಡಿದ್ದು ಸೂರ್ಯನಿಂದ. ಮೋಡ ಮುಚ್ಚಿದ ದಿನ ಹೊಟ್ಟೆಯಿಂದ. ‘ಅದ್ ನಿಮ್ ತಾತಂದಲ್ಲ ಕನ್ಲಾ, ಇಸ್ಟುಡಿಯೋದು’ ಎಂದು ಅಜ್ಜಿ ಯಾರ ಎದುರಿಗಾದರೂ ಹೇಳಿಬಿಡುತ್ತಿದ್ದಳು. ವಾಚಷ್ಟೇ ಅಲ್ಲ, ಕೋಟೂ ಅವರದೇ. ಹುಣಸೂರು ಪೇಟೆಯ ಆ ಸ್ಟುಡಿಯೋದ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಕೋಟು ಒಬ್ಬರ ಅಳತೆಗೆ ಹೊಲಿಸಿದ್ದಲ್ಲ, ತಾಲ್ಲೂಕಿನ ಅಳತೆಗೆ ಹೊಲಿಸಿದ್ದು. ಸಣಕಲರು ಬಂದರೆ ಬೆನ್ನ ಹಿಂದೆ ಬಟ್ಟೆ ಹಿಡಿದು ಪಿನ್ನು ಚುಚ್ಚುತ್ತಿದ್ದರು. ಹೊಟ್ಟೆ ಇದ್ದವರು ಬಂದರೆ ಗುಂಡಿ ಹಾಕದೆ ‘ಹಿಂಗೇ ಚೆಂದ, ಈಗ ಇದೇ ಫ್ಯಾಶನ್ನು’ ಎನ್ನುತ್ತಿದ್ದರು.

ಒಮ್ಮೆ ಧರ್ಮಾಪುರದ ನೆಂಟರ ಮನೆಗೆ ಹೋದಾಗ ಅಭ್ಯಾಸಬಲದಿಂದ ಕತ್ತೆತ್ತಿದೆ. ಅಲ್ಲೂ ಒಬ್ಬರು ಹಿರೀಕರು ಅದೇ ಕೋಟಿನಲ್ಲಿ ಕೂತಿದ್ದರು. ಎರಡನೇ ಗುಂಡಿಯ ಜಾಗದಲ್ಲಿ ಅದೇ ದಾರ. ಕೈಯಲ್ಲಿ ಅದೇ ವಾಚು, ಅದೇ ಎಂಟೂ ಇಪ್ಪತ್ತು. ವಾಚು ಎಂದೋ ನಿಂತುಹೋಗಿದ್ದಿರಬೇಕು. ಹಾಗಾಗಿ ನಮ್ಮ ತಾಲ್ಲೂಕಿನ ಒಂದು ತಲೆಮಾರಿನ ಗಂಡಸರೆಲ್ಲ ಬೆಳಗಿನ ಎಂಟೂ ಇಪ್ಪತ್ತಕ್ಕೇ ಫೋಟೋ ತೆಗೆಸಿಕೊಂಡಿದ್ದಾರೆ, ಅದೂ ಹಳ್ಳಿಯಿಂದ ಮೊದಲನೇ ಬಸ್ಸು ಹುಣಸೂರು ತಲುಪುವ ಮೊದಲೇ.

ಸ್ಟುಡಿಯೋದ ಒಳಗೆ ಹಿಂದಗಡೆ ಬಣ್ಣದ ಪರದೆಗಳು. ಒಂದರಲ್ಲಿ ಮೆಟ್ಟಿಲು, ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೋ ಬರೆದವನಿಗೂ ಗೊತ್ತಿಲ್ಲ. ಇನ್ನೊಂದರಲ್ಲಿ ಕೊಳ, ಹಂಸ, ಆಚೆ ದಡದಲ್ಲಿ ವಿಧಾನಸೌಧ. ಲಕ್ಷ್ಮಣತೀರ್ಥದ ದಡದಲ್ಲಿ ಹುಟ್ಟಿ ಬೆಳೆದವರನ್ನು ಬಟ್ಟೆಯ ಕೊಳದ ಮುಂದೆ ನಿಲ್ಲಿಸಿ ‘ಗದ್ದ ಮೇಲೆ... ಒಸಿ ಕೆಳಗೆ... ನಗ್ಬ್ಯಾಡಿ... ಉಸ್ರು ಹಿಡ್ಕಳಿ’ ಎನ್ನುತ್ತಿದ್ದರು. ಫೋಟೋ ಕಲೆ ಹುಟ್ಟಿದ ಹೊಸದರಲ್ಲಿ ಬೆಳಕು ತಟ್ಟೆಗೆ ಹತ್ತಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಲುಗಾಡಿದರೆ ಮುಖ ಕಲಸಿಹೋಗುತ್ತಿತ್ತು, ನಗುವನ್ನು ಅಷ್ಟು ಹೊತ್ತು ಹಿಡಿದಿಡುವುದು ಯಾರಿಂದಲೂ ಆಗುವಂಥದ್ದಲ್ಲ. ತಾತನ ಕಾಲಕ್ಕೆ ರೆಪ್ಪೆ ಬಡಿಯುವುದರೊಳಗೆ ಫೋಟೋ ಆಗುತ್ತಿತ್ತು. ಆದರೆ ಆ ಸುದ್ದಿಯನ್ನು ಹುಣಸೂರಿಗೆ ಯಾರೂ ತಲುಪಿಸಿರಲಿಲ್ಲ. ತಲುಪಿದ್ದರೂ ತಾತ ನಗುತ್ತಿದ್ದನೆಂದು ನನಗೆ ನಂಬಿಕೆಯಿಲ್ಲ. ದುಡ್ಡು ಕೊಟ್ಟು ಯಾರಾದರೂ ನಗುತ್ತಾರೆಯೇ?

ಫೋಟೋ ತೆಗೆದ ಮೇಲೆ ಅಸಲು ಕೆಲಸ. ನೆಗೆಟಿವನ್ನು ಬೆಳಕಿಗೆ ಹಿಡಿದು ಚೂಪು ಪೆನ್ಸಿಲಿನಿಂದ ಮುಖದ ಗೆರೆ, ಕಲೆಗಳನ್ನು ಮುಚ್ಚುವುದು. ಅದಕ್ಕೆ ‘ಟಚಪ್ಪು’ ಎಂದು ಹೆಸರು. ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬಾ ಕಲೆ ಉಳಿದಿತ್ತು. ಮದುವೆಯಾದ ಹೊಸದರಲ್ಲಿ ತೆಗೆಸಿದ ಫೋಟೋದಲ್ಲಿ ಒಂದೇ ಒಂದು ಕಲೆಯಿಲ್ಲ. ಪಟ ಮನೆಗೆ ಬಂದಾಗ ಅಜ್ಜಿ ನೋಡಿ, ‘ಯಾರವ್ವ ಇವ್ಳು, ಚೆಂದಾಗವಳೆ’ ಎಂದಳಂತೆ. ಭಾರತ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ್ದು 1977ರಲ್ಲಿ. ನಮ್ಮ ಸ್ಟುಡಿಯೋದಾತ ಅದಕ್ಕೆ ಎಷ್ಟೋ ವರ್ಷ ಮೊದಲೇ ಪೆನ್ಸಿಲಿನಿಂದ ಅದನ್ನು ನಿರ್ಮೂಲ ಮಾಡಿದ್ದ.

ಅದೇ ಸಿಡುಬನ್ನು ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ ಕಂಡರು. ಮೈಸೂರಿನ ಟಿ.ಎಸ್. ಸತ್ಯನ್. ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನ ಕಾರ್ಯವನ್ನು ಕ್ಯಾಮೆರಾದಲ್ಲಿ ಹಿಡಿದವರು ಅವರು. ಅಲ್ಲಿ ಕಲೆ ಮುಚ್ಚುವ ಪ್ರಶ್ನೆಯೇ ಇಲ್ಲ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ‘ಡೆಕ್ಕನ್ ಹೆರಾಲ್ಡ್’ನಲ್ಲಿ ಕೆಲಸ ಮಾಡಿ, ಅಮೆರಿಕದ ‘ಲೈಫ್’ ಪತ್ರಿಕೆಯವರೆಗೆ ಹೋದವರು. 1977ರಲ್ಲಿ ಪದ್ಮಶ್ರೀ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂಬ ನೆನಪುಗಳ ಪುಸ್ತಕ ಬರೆದರು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಕ್ಯಾಮೆರಾ ಇದೆ ಎನ್ನುವುದನ್ನೇ ಮರೆತಿರುತ್ತಾರೆ. ನಮ್ಮ ಸ್ಟುಡಿಯೋದಾತನ ಧರ್ಮ ಇದಕ್ಕೆ ತದ್ವಿರುದ್ಧ: ಕ್ಯಾಮೆರಾ ಇದೆ ಎನ್ನುವುದನ್ನು ಗಿರಾಕಿ ಒಂದು ಕ್ಷಣವೂ ಮರೆಯಕೂಡದು.

ಸತ್ಯನ್ ಏನಾದರೂ ನಮ್ಮ ಹೊಲದ ಬದುವಿನ ಮೇಲೆ ಬಂದು ನಿಂತಿದ್ದರೆ, ಅವರಿಗೆ ಬೇಕಾಗಿದ್ದ ತಾತ ಅಲ್ಲೇ ಇದ್ದ: ಮೊಣಕಾಲವರೆಗೆ ಕೆಸರು, ತಲೆಗೆ ಟವೆಲ್ಲು, ಬಾಯಲ್ಲಿ ಬೀಡಿ. ಆದರೆ ತಾತ ‘ಒಸಿ ಇರಿ ಬುದ್ಧಿ, ಬಂದೆ’ ಎಂದು ಮನೆಗೆ ಓಡಿ, ಮುಖ ತೊಳೆದು, ಬಿಳೀ ಪಂಚೆ ಉಟ್ಟು, ಯಾರ ಹತ್ತಿರವಾದರೂ ಒಂದು ವಾಚು ಈಸಿಕೊಂಡೇ ಬರುತ್ತಿದ್ದ. ಸತ್ಯನ್ ಅವರ ಮೇಲೆ ನನಗಿರುವ ಗೌರವಕ್ಕೆ ಚ್ಯುತಿಯಿಲ್ಲ. ಆದರೂ ಮನೆಯ ಗೋಡೆ ಮೇಲಿನ ಪಟದ ವಿಷಯದಲ್ಲಿ ನಾನು ತಾತನ ಪಕ್ಷ. ಕೆಸರು ಮೆತ್ತಿದ ತಾತನನ್ನು ಊರೆಲ್ಲ ನೋಡಿತ್ತು. ವಾಚು ಕಟ್ಟುವ ಆಸೆಯಿದ್ದ ತಾತ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಹೊರಗೆ ಬಂದದ್ದು ಆ ಒಂದು ಮಧ್ಯಾಹ್ನ, ಬಟ್ಟೆಯ ಕೊಳದ ಮುಂದೆ. ಸಟೆಯ ಸಾಮಾನುಗಳ ನಡುವೆ ನಿಜವಾದ ಆಸೆಯೊಂದು ಕೂತಿದೆ.

ದೊಡ್ಡಪ್ಪನವರ ಫೋಟೋ ಕೇಳಿ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿಗೆ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳಿಗೆ ಕೊಂಬು ಹೆರೆದು, ಎಣ್ಣೆ ಸವರಿ, ಶಾಮಿಯಾನ ಹಾಕಿ ಕಟ್ಟಿರುತ್ತಾರೆ. ಎತ್ತಿನ ಯಜಮಾನ ಬಿಸಿಲಲ್ಲಿ, ಎತ್ತು ನೆರಳಲ್ಲಿ. ಅಲ್ಲಿ ದೊಡ್ಡಪ್ಪ ಒಂದು ಭಾರೀ ಜೋಡಿಯ ನಡುವೆ ಹಗ್ಗ ಹಿಡಿದು ನಿಂತು ಜಾತ್ರೆ ಫೋಟೋದವನಿಂದ ಫೋಟೋ ಹೊಡೆಸಿಕೊಂಡರು. ಎತ್ತಿನ ಯಜಮಾನ ಒಂದು ಟೀ, ಒಂದು ಕಟ್ಟು ಬೀಡಿಗೆ ಒಪ್ಪಿ, ‘ಹಗ್ಗ ಹಿಡ್ಕಳಿ ಅಣ್ಣ, ಕೊಂಬು ಮಾತ್ರ ಮುಟ್ಬ್ಯಾಡಿ, ಅದುಕ್ಕೆ ಹೊಸಬ್ರು ಆಗಕಿಲ್ಲ’ ಎಂದು ಎಚ್ಚರಿಸಿದನಂತೆ. ಫೋಟೋದಲ್ಲಿ ದೊಡ್ಡಪ್ಪನ ಮುಖದ ಮೇಲಿರುವುದು ಹೆಮ್ಮೆಯೋ ಹೆದರಿಕೆಯೋ ಎಂಬ ಚರ್ಚೆ ಮನೆಯಲ್ಲಿ ಇಂದಿಗೂ ಮುಗಿದಿಲ್ಲ.

ಅದೇ ಫೋಟೋ ಹೆಣ್ಣಿನ ಮನೆಗೆ, ಪಿರಿಯಾಪಟ್ಟಣದ ಕಡೆಗೆ ಹೋಯಿತು. ಹೆಣ್ಣಿನ ತಂದೆ ಗಂಡಿನ ಮನೆ ನೋಡಲು ಬಂದವರು ಕೈಕಾಲು ತೊಳೆಯುವ ಮೊದಲೇ ಕೊಟ್ಟಿಗೆ ಕಡೆ ನಡೆದರು. ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ‘ಎತ್ತು?’ ಎಂದರು. ‘ಮೇಯಕ್ಕೆ ಹೋಗವೆ’ ಎಂದ ತಾತ. ಬೀಗರು ಸಂಜೆವರೆಗೂ ಕೂತರು. ಎಮ್ಮೆಗೆ ಹುಲ್ಲು ಹಾಕಿದ್ದಾಯಿತು, ದೀಪ ಹಚ್ಚಿದ್ದಾಯಿತು, ಎತ್ತು ಮೇಯ್ದು ಬರಲಿಲ್ಲ. ಹೇಗೋ ಮದುವೆ ನಡೆಯಿತು. ದೊಡ್ಡಮ್ಮ ಮಾತ್ರ ಈಗಲೂ, ‘ನಾನು ಒಪ್ಪಿದ್ದು ಎತ್ತು ನೋಡಿ ಕನಪ್ಪ, ಮಧ್ಯದಲ್ಲಿ ನಿಂತಿದ್ದೋರ್ನ ಯಾರ್ ನೋಡುದ್ರು’ ಎನ್ನುತ್ತಾರೆ.

ಮನೆಗೆ ಸ್ವಂತ ಕ್ಯಾಮೆರಾ ಬಂದದ್ದು ಚಿಕ್ಕಪ್ಪನ ಕಾಲಕ್ಕೆ: ಆಗ್ಫಾ ಕ್ಲಿಕ್-3. ಒಂದು ರೋಲಿಗೆ 12 ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲು ಸಿಕ್ಕಿದರೆ ಅದನ್ನೇ ಹಾಕುತ್ತಿದ್ದರು. ಒಂದು ರೋಲು ಗೌರಿ ಹಬ್ಬದಲ್ಲಿ ಶುರುವಾಗಿ ಯುಗಾದಿಯಲ್ಲಿ ಮುಗಿಯುತ್ತಿತ್ತು. ನಡುವೆ ಒಂದು ನಾಮಕರಣ, ಒಂದು ತಿಥಿ, ಹೊಗೆಸೊಪ್ಪಿಗೆ ಒಳ್ಳೇ ರೇಟು ಬಂದ ಸಂತೋಷಕ್ಕೆ ಒಂದು. ತೊಳೆಯಲು ಕೊಟ್ಟ ಮೇಲೆ ಕತ್ತಲೆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ನಾನು ಕೇಳಿದರೆ ಚಿಕ್ಕಪ್ಪ, ‘ನಮ್ ಬ್ಯಾರನ್ ಇದ್ದಂಗೆ ಕನ್ಲಾ. ಹಸಿರೆಲೆ ಒಳಿಕ್ ಹೋಯ್ತದೆ. ಹದ ಬಂದ್ರೆ ಹೊಂಬಣ್ಣ, ಹದ ತಪ್ಪುದ್ರೆ ಕರ‍್ರಗೆ’ ಎಂದಿದ್ದರು. ಹಗಲೂ ರಾತ್ರಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಉರಿ ಕಾದವರ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಆ ಕ್ಯಾಮೆರಾಕ್ಕೆ ಬಿಸಿಲು ಬೇಕು. ಆದ್ದರಿಂದ ನಮ್ಮ ಮನೆಯವರೆಲ್ಲ ಅಂಗಳದಲ್ಲಿ ಸೂರ್ಯನಿಗೆ ಎದುರಾಗಿ ಸಾಲು ನಿಂತಿದ್ದಾರೆ. ಒಬ್ಬರ ಕಣ್ಣೂ ಪೂರ್ತಿ ತೆರೆದಿಲ್ಲ. ಚಿಕ್ಕಪ್ಪ ಸೂರ್ಯನಿಗೆ ಬೆನ್ನು ಹಾಕಿ ನಿಂತಿದ್ದರಿಂದ ಫೋಟೋದ ಕೆಳಗೆ ಅವರ ನೆರಳು ಬಂದು ಸೇರಿಕೊಂಡಿದೆ. ಅವರ ಮುಖ ಆ ಆಲ್ಬಂನಲ್ಲಿ ಎಲ್ಲೂ ಇಲ್ಲ, ನೆರಳು ಎಲ್ಲದರಲ್ಲೂ ಇದೆ. ಅವ್ವನ ಕಥೆ ಇನ್ನೊಂದು. ಎಲ್ಲರೂ ನಿಂತು, ಯಾರು ಯಾರ ಪಕ್ಕ ಎನ್ನುವ ಜಗಳವೆಲ್ಲ ತೀರಿದ ಮೇಲೆ, ಒಲೆ ಮೇಲಿನ ಸಾರು ಇಳಿಸಿ, ಕೈ ಸೆರಗಿಗೆ ಒರೆಸುತ್ತಾ ಓಡಿ ಬರುತ್ತಿದ್ದಳು. ಹೀಗಾಗಿ ಪ್ರತಿ ಫೋಟೋದ ಬಲತುದಿಯಲ್ಲಿ ಅರ್ಧ ಅವ್ವ. ಉಳಿದರ್ಧ ಅಡುಗೆಮನೆಯಲ್ಲೇ ಉಳಿದಿದೆ.

ಯಾವ ಏರ್ಪಾಡೂ ಇಲ್ಲದ ಮೊದಲನೇ ಫೋಟೋ ನಮ್ಮವರಿಗೆ ಸಿಕ್ಕಿದ್ದು ಸರ್ಕಾರದಿಂದ. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಮತದಾರರಿಗೆಲ್ಲ ಫೋಟೋ ಇರುವ ಗುರುತಿನ ಚೀಟಿ ಆಗಲೇಬೇಕೆಂದು ಹಟ ಹಿಡಿದರು. ನಮ್ಮೂರಿನ ಸರದಿ ಬಂದಾಗ ಅಜ್ಜಿ ಕಳೆ ಕೀಳುತ್ತಿದ್ದವಳು ಹಾಗೇ ಎದ್ದು ಬಂದು ಕೂತಳು. ಚೀಟಿ ಕೈಗೆ ಬಂದಾಗ ನೋಡಿ, ‘ಇದು ನಾನಲ್ಲ’ ಎಂದು ವಾಪಸು ಕೊಟ್ಟಳು. ಪೆನ್ಸಿಲ್ ಮುಟ್ಟದ ತನ್ನ ಮುಖವನ್ನು ಕಾಗದದ ಮೇಲೆ ಅವಳು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಇಷ್ಟು ಗಲಾಟೆಯಿಲ್ಲದೆ ಗುರುತಿನ ಫೋಟೋ ತೆಗೆಸಿಕೊಂಡವು ನಮ್ಮ ಕಡೆಯಲ್ಲಿ ಹುಲಿಗಳು ಮಾತ್ರ. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆ ಕಾಡಿನ ದಾರಿಗಳಲ್ಲಿ ತಾವೇ ಕ್ಲಿಕ್ಕಿಸಿಕೊಳ್ಳುವ ಕ್ಯಾಮೆರಾಗಳನ್ನು ಕಟ್ಟಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ; ಒಂದೇ ಹುಲಿಯಲ್ಲೂ ಎಡಮೈಯ ಪಟ್ಟೆ ಬಲಮೈಗಿಲ್ಲ. ಅದಕ್ಕೇ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ. ಆ ಚಿತ್ರಗಳಲ್ಲಿ ಹುಲಿಗಳು ಗದ್ದ ಎತ್ತಿಲ್ಲ, ಉಸಿರು ಹಿಡಿದಿಲ್ಲ, ಆದರೂ ಎಷ್ಟು ಗಂಭೀರ! ಅವಕ್ಕೆ ಹೆಣ್ಣಿನ ಮನೆಗೆ ಫೋಟೋ ಕಳಿಸುವ ಕಷ್ಟವಿಲ್ಲ.

ಮೊಬೈಲು ಬಂದ ಮೇಲೆ ಫೋಟೋಕ್ಕೆ ಬೆಲೆ ಹೋಯಿತು ಎಂದು ನನ್ನ ಓರಗೆಯವರು ಕೊರಗುತ್ತಾರೆ. ನನಗೇನೂ ಹಾಗನ್ನಿಸಿಲ್ಲ. ಮೊನ್ನೆ ದೊಡ್ಡಪ್ಪನ ಮೊಮ್ಮಗ ಮದುವೆಗೆ ಮುಂಚಿನ ಫೋಟೋ ಶೂಟಿಗೆಂದು ಹೆಣ್ಣನ್ನು ಕರೆದುಕೊಂಡು ಚುಂಚನಕಟ್ಟೆ ಜಲಪಾತಕ್ಕೇ ಹೋಗಿದ್ದ. ಬುಲೆಟ್ ಗಾಡಿ ಗೆಳೆಯನದು, ಕೂಲಿಂಗ್ ಗ್ಲಾಸು ಫೋಟೋಗ್ರಾಫರನದು. ಯಾರೂ ಹೇಳಿಕೊಡದಿದ್ದರೂ ರಕ್ತದಲ್ಲಿ ಬಂದ ವಿದ್ಯೆ ಬಿಡುವುದಿಲ್ಲ.

ಈಚೆಗೆ ಅಜ್ಜಿ ಒಂದು ದಿನ ಇದ್ದಕ್ಕಿದ್ದಂತೆ, ತನ್ನ ಪಟಕ್ಕೆ ಈಗಲೇ ಕಟ್ಟು ಹಾಕಿಸಬೇಕು ಎಂದಳು. ‘ನಾನ್ ಸತ್ ಮ್ಯಾಲೆ ನೀವು ಆ ವೋಟಿನ ಚೀಟಿದ್ನೇ ದೊಡ್ಡದು ಮಾಡ್ಸಿ ನನ್ ಮಾನ ಕಳೀತೀರಿ.’ ಆಟೋ ಮಾಡಿಕೊಂಡು ಹುಣಸೂರಿಗೆ ಕರೆದುಕೊಂಡು ಹೋದೆ. ಈಗಿನ ಸ್ಟುಡಿಯೋದಲ್ಲಿ ಕೋಟಿಲ್ಲ, ಕೊಳವಿಲ್ಲ. ಕಂಪ್ಯೂಟರಿನ ಮುಂದೆ ಒಬ್ಬ ಹುಡುಗ. ಅವನು ಅಜ್ಜಿಯ ಫೋಟೋ ಹೊಸದಾಗಿ ತೆಗೆದು, ಮುಖದ ಕಲೆಗಳನ್ನು ಮೌಸಿನಿಂದ ಒರೆಸಿ, ನೂಲಿನ ಸೀರೆಯ ಜಾಗಕ್ಕೆ ಜರಿ ಸೀರೆ ಉಡಿಸಿದ. ಅಜ್ಜಿ ಪರದೆಗೆ ಮೂಗು ತಾಗಿಸಿಕೊಂಡು ನೋಡಿ, ಕತ್ತು ಬರಿದಾಗಿದೆ ಎಂದಳು. ಬ್ಯಾರನ್ ಕಟ್ಟಿಸುವಾಗ ಅಡವು ಹೋದ ಕಾಸಿನ ಸರ ಮತ್ತೆ ಬಂದಿರಲಿಲ್ಲ. ಹುಡುಗ ಎಲ್ಲಿಂದಲೋ ಒಂದು ಸರ ಹುಡುಕಿ ತಂದು ಕತ್ತಿಗೆ ಹಾಕಿದ.

‘ಒಂದೇ ಎಳೆ ಹಾಕಿದ್ದೀಯಲ್ಲಪ್ಪ. ಎರಡೆಳೆ ಮಾಡುದ್ರೆ ದುಡ್ಡು ಜಾಸ್ತಿ ಆಯ್ತದಾ?’

‘ಇಲ್ಲ ಅಜ್ಜಿ, ಎಷ್ಟೆಳೆಗಾದ್ರೂ ಅಷ್ಟೇ.’

‘ಹಂಗಾರೆ ಮೂರೆಳೆ ಹಾಕು.’

ಪಟ ಗೋಡೆ ಏರಿ ವಾರವಾಗಿರಲಿಲ್ಲ, ಹಬ್ಬಕ್ಕೆಂದು ಸೋದರತ್ತೆ ಬಂದರು. ಕತ್ತೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಕೇಳಿದರು: ‘ಅತ್ತಿಗೆ, ಆ ಮೂರೆಳೆ ಸರವ ನಮ್ಮವ್ವ ಎಲ್ಲಿ ಮಡಗವಳೆ?’