ಕಣ್ಣಲ್ಲಿ ನಗುವ ವಿದ್ಯೆ

ಧಾರಾವಾಹಿಗೆ ಕಲಾವಿದರನ್ನು ಆರಿಸುವವರು ‘ಹೆಡ್‌ಶಾಟ್ ಕಳಿಸಿ ಮೇಡಂ’ ಎಂದಾಗ ನನ್ನ ಹತ್ತಿರ ಇದ್ದ ಮುಖಗಳು ಎರಡೇ. ಒಂದು ಆಧಾರ್ ಕಾರ್ಡಿನದು, ಇನ್ನೊಂದು ನಾದಿನಿಯ ಮದುವೆ ಆಲ್ಬಮ್ಮಿನಲ್ಲಿ ಹೋಳಿಗೆ ಬಾಯಿಗಿಡುತ್ತಿರುವುದು. ಅವನ್ನು ನೋಡಿ ಪಾತ್ರ ಕೊಡುವ ಧೈರ್ಯ ಯಾವ ನಿರ್ದೇಶಕರಿಗೂ ಬರಲಾರದು.

ತುಮಕೂರಿನ ಫೋಟೋಗ್ರಾಫರ್ ಹುಡುಗ ಫೋನಿನಲ್ಲೇ ವ್ರತದ ನಿಯಮಗಳನ್ನೆಲ್ಲ ಹೇಳಿದ. ಒಂದೇ ಬಣ್ಣದ ಬಟ್ಟೆ. ಹೂವು, ಗೆರೆ, ಜರಿ ನಿಷಿದ್ಧ. ಜುಮುಕಿ ಬೇಡ. ಹುಬ್ಬು ತೀಡಿಸುವುದಾದರೆ ನಾಲ್ಕು ದಿನ ಮೊದಲೇ, ಇಲ್ಲದಿದ್ದರೆ ಕೆಂಪು ಉಳಿಯುತ್ತೆ. ಮೇಕಪ್ ಇರಬೇಕು, ಇದೆಯೆಂದು ಕಾಣಬಾರದು. ‘ಫೋಟೋ ನೋಡಿ ಕರೆಸಿದವರಿಗೆ ಎದುರಿಗೂ ಅದೇ ಮುಖ ಸಿಗಬೇಕಕ್ಕ.’

ಬಾರ್ಡರ್ ಬೇಡ, ಹೂವು ಬೇಡ, ಹೊಳಪು ಬೇಡ ಎಂದದ್ದಕ್ಕೆ ಬಟ್ಟೆ ಅಂಗಡಿಯ ಹುಡುಗ ದನಿ ತಗ್ಗಿಸಿ, ‘ಮನೇಲಿ ಯಾರಾದ್ರೂ ತೀರ್ಕೊಂಡ್ರಾ ಮೇಡಂ?’ ಎಂದ. ತೀರಿಕೊಂಡದ್ದು ನನ್ನ ಸಂಕೋಚ ಮಾತ್ರ. ಕಡುನೀಲಿ ಕುರ್ತಾ ಕೊಂಡೆ.

ಕಷ್ಟವಿದ್ದದ್ದು ಕೊನೆಯ ನಿಯಮದಲ್ಲಿ: ತುಟಿ ಸುಮ್ಮನಿರಬೇಕು, ಕಣ್ಣು ನಗಬೇಕು. ಕೆಳರೆಪ್ಪೆಯನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ನೋಟಕ್ಕೆ ಕಳೆ ಬರುತ್ತದಂತೆ. ಮೇಲಿನ ರೆಪ್ಪೆ ಮಾತ್ರ ಅಲುಗಕೂಡದು.

ಫೋಟೋದ ದಿನ ಕುಣಿಗಲ್ಲಿನಲ್ಲಿ ತುಮಕೂರು ಬಸ್ಸು ಹತ್ತಿದೆ. 2023ರಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಆ ಬಸ್ಸಿನಲ್ಲಿ ಅಭ್ಯಾಸಕ್ಕೆ ಏಕಾಂತ ಎಲ್ಲಿಂದ ಬರಬೇಕು? ಆದರೂ ಕಿಟಕಿ ಗಾಜು ನೋಡುತ್ತ ರೆಪ್ಪೆ ಎತ್ತಿದೆ, ಇಳಿಸಿದೆ, ಎತ್ತಿದೆ. ಪಕ್ಕದ ಅಜ್ಜಿ ಕೇಳಿದರು: ‘ಯಾಕ್ ಮಗ, ಕಣ್ಗೇನಾರ ಬಿತ್ತಾ?’

ಇಲ್ಲ ಎನ್ನಬಹುದಿತ್ತು. ಆದರೆ ಕೆಳರೆಪ್ಪೆಯಲ್ಲಿ ನಗುತ್ತಿದ್ದೇನೆ ಎಂದು ಹೇಳುವುದು ಹೇಗೆ? ‘ಹೂಂ ಅಜ್ಜಿ, ಧೂಳು’ ಎಂದುಬಿಟ್ಟೆ.

‘ಉಜ್ಜಬ್ಯಾಡ ಕಣವ್ವ!’ ಎಂದು ಅಜ್ಜಿ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡರು. ನಾಲ್ಕು ದಿನದಿಂದ ಕಾಪಾಡಿದ್ದ ಹುಬ್ಬಿನ ಮೇಲೆ ಹೆಬ್ಬೆರಳು ಊರಿ, ರೆಪ್ಪೆ ಅಗಲಿಸಿ, ಎಲೆಅಡಿಕೆಯ ಘಮದೊಂದಿಗೆ ಉಫ್ ಎಂದರು. ಹಿಂದಿನ ಸೀಟಿನವರು ಟಾರ್ಚ್ ಹಿಡಿದರು. ಮುಂದಿನ ಸೀಟಿನ ಬಾಣಂತಿಯ ಕಡೆ ಒಬ್ಬರು ಅರ್ಥಗರ್ಭಿತವಾಗಿ ನೋಡಿದರು. ಕಣ್ಣಿಗೆ ಎದೆಹಾಲು ಬಿಡಿಸುವ ಪ್ರಸ್ತಾಪ ಮಂಡನೆಯಾಗುವುದರಲ್ಲಿತ್ತು. ‘ಇಳಿಸ್ಬೇಕಾ, ಆಸ್ಪತ್ರೆ ತಾವ?’ ಎಂದು ಕಂಡಕ್ಟರ್. ಅಷ್ಟರಲ್ಲಿ ಅಜ್ಜಿ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು ಒರೆಸಿ, ಇಲ್ಲದ ಧೂಳನ್ನು ಎಲ್ಲರಿಗೂ ತೋರಿಸಿದರು. ‘ನೋಡ್ರವ್ವ, ಎಷ್ಟ್ ದಪ್ಪದ್ ಕಸ!’ ಎಲ್ಲರಿಗೂ ಕಂಡಿತು. ನನಗೂ ಕಂಡಿತು. ಆ ಬಸ್ಸಿನಲ್ಲಿ ನಿಜವಾದ ಕಲಾವಿದೆ ಯಾರೆಂದು ತಿಳಿದವಳು ನಾನೊಬ್ಬಳೇ.

ಫೋಟೋ ಆಯಿತು. ಬಲಗಣ್ಣು ಕೆಂಪಗಿತ್ತು, ಹುಡುಗ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದ.

ಅದನ್ನು ಗುಬ್ಬಿಯ ಗೆಳತಿಗೆ ಕಳಿಸಿದೆ. ಹಳ್ಳಿ ಹಳ್ಳಿಯ ‘ಕುರುಕ್ಷೇತ್ರ’ಗಳಲ್ಲಿ ದ್ರೌಪದಿಯಾಗುವುದೇ ಅವಳ ಕಸುಬು. ‘ಚೆನ್ನಾಗದೆ ಕಣೆ. ನನ್ ಫೋಟೋನ ಇದುವರ್ಗೂ ಯಾರೂ ಕೇಳಿಲ್ಲ’ ಎಂದಳು. ಜೊತೆಗೆ ತನ್ನ ಮುಂದಿನ ನಾಟಕದ ಫ್ಲೆಕ್ಸಿನ ಚಿತ್ರ ಕಳಿಸಿದಳು. ದುರ್ಯೋಧನ ಕೂಲಿಂಗ್ ಗ್ಲಾಸಿನಲ್ಲಿ, ಕರ್ಣ ಮೊಬೈಲ್ ಕಿವಿಗಿಟ್ಟುಕೊಂಡು, ಶಕುನಿ ಕೈಮುಗಿದು. ದ್ರೌಪದಿ ಮಾತ್ರ ತೀರಾ ಕೆಳಗೆ, ಸೀನರಿಯವರ ಫೋನ್ ನಂಬರಿನ ಪಕ್ಕ ಬರೀ ಹೆಸರು. ಗಂಡಸರು ದುಡ್ಡು ಕಟ್ಟಿ ಪಾತ್ರ ಹಿಡಿದವರು. ಅವಳು ದುಡ್ಡು ಕೊಟ್ಟು ಕರೆಸಿದ ಕಲಾವಿದೆ. ಅಂದರೆ ನಟನೆಯಿಂದಲೇ ಅನ್ನ ತಿನ್ನುವವಳಿಗೇ ಮುಖವಿಲ್ಲ.

ನನಗೆ ಸಿಟ್ಟು ಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನೆಲ ಇದು. ಗಂಡಸರೇ ಸೀರೆಯುಟ್ಟು ಹೆಣ್ಣಾಗುತ್ತಿದ್ದ ರಂಗಕ್ಕೆ ಬಿ. ಜಯಮ್ಮನಂಥವರು ಬಂದು, ಹಾಡಿ, ಅಭಿನಯಿಸಿ, ಮನೆಮಾತಾದರು. ಆ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಗೆ 2013ರಲ್ಲಿ ಪದ್ಮಶ್ರೀ ಬಂತು. ತುಮಕೂರಿನ ಕಲಾಕ್ಷೇತ್ರಕ್ಕೆ ವೀರಣ್ಣನವರದೇ ಹೆಸರು. ಇಷ್ಟಾದಮೇಲೂ ಫ್ಲೆಕ್ಸಿನಲ್ಲಿ ದ್ರೌಪದಿಗೆ ಅಂಗೈಯಗಲ ಜಾಗವಿಲ್ಲವೆ?

ಮುಂದಿನ ಜಾತ್ರೆಗೆ ‘ಕುರುಕ್ಷೇತ್ರ’ ಆಡಿಸುವ ಮಹನೀಯರೇ, ಕಲಾವಿದೆಯರ ಫೋಟೋನೂ ಹಾಕಿಸಿ. ಜಾಗ ಸಾಲದಿದ್ದರೆ ದುಶ್ಶಾಸನನನ್ನು ಚೂರು ಪಕ್ಕಕ್ಕೆ ಸರಿಸಿ.