ವಿಳಂಬ ವಿಲಾಸ ಪ್ರವಾಸ ನಿರ್ಣಯ: ಮಸಿನಗುಡಿ ಪ್ರಕರಣ

ಶಾಸ್ತ್ರ ಯಾವುದೇ ಇರಲಿ, ಮೊದಲು ನಾಲ್ಕು ಸಂಗತಿ ಹೇಳಿಕೊಳ್ಳಬೇಕೆಂಬುದು ಹಿರಿಯರ ಕಟ್ಟಳೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಈ ಶಾಸ್ತ್ರಕ್ಕೆ ಅಧಿಕಾರಿ, ಶುಕ್ರವಾರ ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು ‘ಈ ಸಲ ಎಲ್ಲಾದರೂ ಹೋಗಿ ಸುಮ್ಮನೆ ಇದ್ದು ಬರೋಣ’ ಎಂದು ಹೆಂಡತಿಗೆ ಫೋನಿನಲ್ಲಿ ಮಾತು ಕೊಟ್ಟವನು. ವಿಷಯ, ದುಡ್ಡು ಕೊಟ್ಟು ಸುಮ್ಮನಿರುವುದು. ಸಂಬಂಧ, ಕ್ರೆಡಿಟ್ ಕಾರ್ಡಿನ ಮೂಲಕ. ಪ್ರಯೋಜನದಲ್ಲಿ ಮಾತ್ರ ಪಂಡಿತರಿಗೆ ಒಮ್ಮತವಿಲ್ಲ.

ಈ ಬಗೆಯ ಪ್ರವಾಸದ ಆದರ್ಶವನ್ನು ನಮ್ಮವರು ಉತ್ತರ ಆಫ್ರಿಕದಿಂದ ತಂದುಕೊಂಡಿದ್ದಾರೆ. ಮೊರಾಕೊದ ಫೆಸ್ ಪಟ್ಟಣದ ಹಳೇಪೇಟೆ 1981ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ರಿಯಾದ್ ಎಂಬ ನಡುವಂಗಳದ ಮನೆ ಹಿಡಿದು, ಪುದೀನ ಚಹಾ ಹೀರುತ್ತ ನಾಲ್ಕು ದಿನ ಕೂತು ಬಂದವರು ಊರಿಗೆಲ್ಲ ಅದನ್ನೇ ಹೇಳುತ್ತಾರೆ. ಆದರೆ ಆ ನಿಧಾನ ಚಹಾದಿಂದ ಬಂದದ್ದೆಂದು ತಿಳಿಯುವುದು ಭ್ರಾಂತಿ. ಆ ಓಣಿಗಳಲ್ಲಿ ಕಾರು ಹಿಡಿಸುವುದಿಲ್ಲ. ಹೊರೆ ಹೊತ್ತ ಹೇಸರಗತ್ತೆ ಎದುರು ಬಂದರೆ ಎಂಥ ಶ್ರೀಮಂತನಾದರೂ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಆದ್ದರಿಂದ ಪ್ರಥಮ ಸೂತ್ರ: ತಡೆಯಿಲ್ಲದೆ ನಿಧಾನವಿಲ್ಲ. ಫೆಸ್‌ನಲ್ಲಿ ಆ ಕೆಲಸವನ್ನು ಹೇಸರಗತ್ತೆ ಮಾಡುತ್ತದೆ, ನೀಲಗಿರಿ ತಪ್ಪಲಿನ ಮಸಿನಗುಡಿಯಲ್ಲಿ ಆನೆ.

ಇಲ್ಲಿ ಪೂರ್ವಪಕ್ಷ. ಚರಿತ್ರೆ ಬೇಕು, ನಿಧಾನವೂ ಬೇಕು ಎಂದರೆ ಮೂವತ್ತು ಕಿಲೋಮೀಟರ್ ಮೇಲೆ ಊಟಿಯೇ ಇದೆಯಲ್ಲ? ಕಲೆಕ್ಟರ್ ಸಲಿವನ್ ಸಾಹೇಬ 1820ರ ದಶಕದಲ್ಲಿ ಕಟ್ಟಿಸಿದ ಕಲ್ಲುಮನೆ ಇದೆ, ಮೇಟ್ಟುಪಾಳ್ಯದಿಂದ 46 ಕಿಲೋಮೀಟರಿಗೆ ಐದು ಗಂಟೆ ತೆಗೆದುಕೊಳ್ಳುವ ರೈಲಿದೆ. ಉತ್ತರ: ರೈಲು ನಿಧಾನ, ಒಳಗೆ ಕೂತವರಲ್ಲ. ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ದೊಡ್ಡಬೆಟ್ಟ, ಚಾಕೊಲೇಟು, ವರ್ಕಿ, ನೀಲಗಿರಿ ಎಣ್ಣೆ ಎಂಬ ಷಟ್ಕರ್ಮ ಮುಗಿಸದೆ ಊಟಿಯಿಂದ ಇಳಿಯುವ ಧೈರ್ಯ ಯಾವ ಸಂಸಾರಸ್ಥನಿಗೂ ಇಲ್ಲ. ಮಸಿನಗುಡಿಯಲ್ಲಿ ಒಂದು ಬೀದಿ, ಬಸ್ಸು ನಿಲ್ಲುವ ಜಾಗ, ಸಾಲು ಜೀಪು, ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ಮಲಯಾಳ ಮೂರೂ ಬೆರೆಸಿ ಮಾತಾಡುವ ಟೀ ಅಂಗಡಿ. ನೋಡಿ ಮುಗಿಸುವಂಥದ್ದು ಏನೂ ಇಲ್ಲ.

ಇನ್ನು ತಡೆಗಳ ವಿಭಾಗ. ಮೊದಲನೆಯದು ಕಾಲಕೃತ. 2009ರಿಂದ ಬಂಡೀಪುರದ ಕಾಡುದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಆಂಬುಲೆನ್ಸಿಗೆ, ಕೆಲವೇ ಸರ್ಕಾರಿ ಬಸ್ಸಿಗೆ ಮಾತ್ರ ವಿನಾಯಿತಿ. ಮೈಸೂರಿನಲ್ಲಿ ಮಸಾಲೆದೋಸೆಗೆಂದು ಕೂತು ಒಂಬತ್ತು ಗಂಟೆ ಐದು ನಿಮಿಷಕ್ಕೆ ಗೇಟಿಗೆ ಬಂದವರ ಮುಖ ನೋಡಬೇಕು. ನಿಧಾನಕ್ಕೆಂದೇ ಹೊರಟವರು ನಿಧಾನ ಎದುರಾದೊಡನೆ ಯಾರಿಗೆ ಫೋನು ಮಾಡಿಸಲಿ ಎಂದು ಚಡಪಡಿಸುತ್ತಾರೆ.

ಎರಡನೆಯದು ಗಿರಿಕೃತ: ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿನ ಮೂವತ್ತಾರು ಹೇರ್‌ಪಿನ್ ತಿರುವು. ಮೂರನೆಯದು ರಾಜಕೃತ. 2024ರ ಮೇ 7ರಿಂದ ಮದರಾಸು ಹೈಕೋರ್ಟಿನ ಆದೇಶದಂತೆ ನೀಲಗಿರಿಗೆ ಹೋಗುವ ಹೊರಗಿನ ವಾಹನಕ್ಕೆ ಇ-ಪಾಸ್ ಬೇಕು. ಗಡಿಯ ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ತೆಗೆಸುತ್ತಾರೆ. ಸರ್ಕಾರಿ ಬಸ್ಸಿಗೆ ಪಾಸಿನ ಹಂಗಿಲ್ಲ. ಎಂದರೆ ಅರವತ್ತು ಲಕ್ಷದ ಕಾರಿನವನು ಸಾಲಿನಲ್ಲಿ ಫೋನು ತಿಕ್ಕುತ್ತ ನಿಂತಿರುವಾಗ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ ಅಜ್ಜಿ ಕಿಟಕಿಯಿಂದ ನೋಡುತ್ತ ಮುಂದೆ ಹೋಗುತ್ತಾಳೆ. ವಿಲಾಸದ ತಾರತಮ್ಯವನ್ನು ಇಲ್ಲಿ ಹೊಸದಾಗಿ ಬರೆಯಬೇಕಾಗುತ್ತದೆ.

ನಾಲ್ಕನೆಯದು ಕ್ರಯಕೃತ, ರೆಸಾರ್ಟಿನಲ್ಲಿ ಕೊಳ್ಳುವ ತಡೆ. ‘ಇಲ್ಲಿ ಟಿವಿ ಇಲ್ಲ, ವೈಫೈ ಇಲ್ಲ’ ಎಂಬುದನ್ನು ಸೌಲಭ್ಯಗಳ ಪಟ್ಟಿಯಲ್ಲೇ ಅಚ್ಚುಹಾಕಿ ಅದಕ್ಕೂ ಬೆಲೆ ಹಚ್ಚುತ್ತಾರೆ. ಬಂದವನು ಬ್ಯಾಗು ಇಳಿಸುವ ಮೊದಲೇ ಕೇಳುತ್ತಾನೆ: ‘ಸಿಗ್ನಲ್ ಎಲ್ಲಿ ಬರುತ್ತಪ್ಪಾ?’ ‘ಆ ಮರದ ಕೆಳಗೆ ಬರುತ್ತೆ ಸಾರ್.’ ಎರಡು ದಿನದಲ್ಲಿ ಅವನು ಅತಿ ಹೆಚ್ಚು ಹೊತ್ತು ಕಳೆಯುವುದು ಆ ಮರದ ಬುಡದಲ್ಲೇ. ಒಬ್ಬನ ನಿಧಾನಕ್ಕೆ ನಾಲ್ವರು ಓಡಬೇಕು ಎಂಬುದನ್ನೂ ಗಮನಿಸತಕ್ಕದ್ದು. ತಿಂಡಿ ಹನ್ನೊಂದಕ್ಕೆ ಬೇಕೆಂದರೆ ಅಡುಗೆಯವಳ ಮಧ್ಯಾಹ್ನ ಮೂರಕ್ಕೆ ಜಾರುತ್ತದೆ, ಪಾತ್ರೆ ಐದಕ್ಕೆ, ಆಮೇಲೆ ಕತ್ತಲಾಗುವುದರೊಳಗೆ ಮಾವಿನಹಳ್ಳದ ಮನೆ ಸೇರಬೇಕು. ದಾರಿಯಲ್ಲಿ ಆನೆ ನಿಂತಿದ್ದರೆ ಅದು ಅವಳಿಗೆ ಸಫಾರಿಯಲ್ಲ.

ಐದನೆಯದೂ ಶ್ರೇಷ್ಠವೂ ಆದದ್ದು ಗಜಕೃತ. ಇದನ್ನು ಅರಸಿ ಜೀಪು ಹತ್ತುವವರ ಜ್ಞಾನಮಾರ್ಗವನ್ನು ಪ್ರಮಾಣಗಳ ಮೂಲಕ ವಿಂಗಡಿಸುವುದು ಉಚಿತ. ಆನೆ ಕಂಡರೆ ಪ್ರತ್ಯಕ್ಷ, ಅಪರೂಪ. ಹಸಿ ಲದ್ದಿ ಕಂಡರೆ ಅನುಮಾನ. ‘ನಿನ್ನೆ ಇದೇ ಹೊತ್ತಿಗೆ ಇಲ್ಲೇ ನಿಂತಿತ್ತು ಸಾರ್’ ಎಂಬ ಜೀಪಿನವನ ಮಾತು ಶಬ್ದಪ್ರಮಾಣ. ಸಿಂಗಾರ ರಸ್ತೆಯ ಸಫಾರಿಗಳು ಬಹುಪಾಲು ನಡೆಯುವುದು ಇದರ ಮೇಲೆಯೇ. ಉಪಮಾನಕ್ಕೆ ತಾರ್ಕಿಕರು ಕೊಡುವ ಹಳೆಯ ಉದಾಹರಣೆ ಗೊತ್ತಲ್ಲ, ಹಸುವನ್ನು ಹೋಲುವ ಕಾಡುಮೃಗವೇ ಗವಯ ಎಂಬುದು. ಆ ಪಾಠ ಇಲ್ಲಿ ದಿನವೂ ನಡೆಯುತ್ತದೆ: ಎಮ್ಮೆಯೆಂದು ಕ್ಯಾಮೆರಾ ಒಳಗಿಟ್ಟ ಮೇಲೆ ಅದರ ಬಿಳಿ ಕಾಲುಚೀಲ ನೋಡಿ ಕಾಟಿಯೆಂದು ತಿಳಿಯುತ್ತದೆ, ಅಷ್ಟರಲ್ಲಿ ಅದು ಲಂಟಾನದೊಳಗೆ ಹೋಗಿರುತ್ತದೆ. ಏನೂ ಕಾಣದೆ ಮರಳಿದವರಿಗೆ ಭಾಟ್ಟ ಮೀಮಾಂಸಕರು ಒಪ್ಪಿದ ಅನುಪಲಬ್ಧಿ ಉಂಟು. ಹುಲಿಯ ಅಭಾವವನ್ನು ಮೂರು ತಾಸು ಕಣ್ಣಾರೆ ಕಂಡದ್ದಕ್ಕೂ ಜೀಪಿನ ಬಾಡಿಗೆ ಅಷ್ಟೇ.

ಪ್ರವಾಸಿಗಳ ಪ್ರಭೇದವನ್ನು ಬೇಗ ಮುಗಿಸಬಹುದು. ಪಟ್ಟಿವಂತ, ಹನ್ನೊಂದರಿಂದ ಹನ್ನೆರಡರವರೆಗೆ ‘ಏನೂ ಮಾಡದಿರುವುದು’ ಎಂದು ಬರೆದುಕೊಂಡು ಬರುತ್ತಾನೆ. ಊಟನಿಷ್ಠನಿಗೆ ಕಾಡು ಒಂದು ಕಿಟಕಿ. ಸ್ಥಿರ ಎಂಬ ಮೂರನೆಯ ವರ್ಗಕ್ಕೆ ನಿದರ್ಶನ ಕೂನೂರಿನ ವಕೀಲ ಇ.ಆರ್.ಸಿ. ದಾವಿದಾರ್. ಸಿಗೂರು ಹೊಳೆಯ ಹತ್ತಿರ ಚೀತಲ್ ವಾಕ್ ಎಂಬ ಸಣ್ಣ ಮನೆ ಕಟ್ಟಿಕೊಂಡು, ಓಡಾಡುವ ಕೆಲಸವನ್ನು ಆನೆಗಳಿಗೇ ಬಿಟ್ಟು, ತಾವು ವರ್ಷಗಟ್ಟಲೆ ಕೂತು ನೋಡಿದರು, ಆಮೇಲೆ ಪುಸ್ತಕ ಬರೆದರು. ಈ ವರ್ಗಕ್ಕೆ ಪ್ಯಾಕೇಜು ಇಲ್ಲ.

ವಿಳಂಬ ವಿಲಾಸವನ್ನು ಲಕ್ಷಣಸಮೇತ ಅನುಭವಿಸುವ ಪ್ರಾಣಿ ತೆಪ್ಪಕಾಡಿನ ಆನೆ ಶಿಬಿರದಲ್ಲಿದೆ. ಶಿಬಿರ ಶುರುವಾದದ್ದು 1927ರಲ್ಲಿ. ಬೆಳಿಗ್ಗೆ ಮೋಯಾರು ಹೊಳೆಯಲ್ಲಿ ಮಲಗಿಸಿ ಮೈ ಉಜ್ಜುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲೆ ರಾಗಿ, ಹುರುಳಿ, ಅನ್ನದ ಗಟ್ಟಿಗಳು, ಬೆಲ್ಲ, ಉಪ್ಪು. ಯಾರಿಗೆ ಎಷ್ಟೆಂಬುದು ಹೆಸರಿನ ಸಮೇತ ಹಲಗೆಯ ಮೇಲೆ. ಮಾವುತ ಎಲ್ಲ ಸೇರಿಸಿ ಉಂಡೆ ಕಟ್ಟುತ್ತಾನೆ, ಆನೆ ಸೊಂಡಿಲೆತ್ತಿ ಬಾಯಿ ತೆರೆಯುತ್ತದೆ, ಉಂಡೆ ಒಳಗೆ ಹೋಗುತ್ತದೆ. ನಿವೃತ್ತಿಯೂ ಉಂಟು. ಟಿಕೆಟ್ಟು ಕೊಂಡು ಈ ಕಡೆ ನಿಂತವರು ಮಾತ್ರ ಗಡಿಯಾರ ನೋಡುತ್ತಿರುತ್ತಾರೆ.

ತಡೆಯನ್ನು ನಿವಾರಿಸಿ ನಿಧಾನವನ್ನು ಮಾತ್ರ ಇಟ್ಟುಕೊಳ್ಳಲು ಹೊರಟರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ಕೊಡುವಾಗ ಶಾಸ್ತ್ರದ ಭಾಷೆ ಕೈಗೆ ಬರುವುದಿಲ್ಲ. ಸಿಗೂರು ಬಯಲು ಪೂರ್ವಘಟ್ಟಕ್ಕೂ ಪಶ್ಚಿಮಘಟ್ಟಕ್ಕೂ ನಡುವೆ ಆನೆಗಳು ಓಡಾಡುವ ದಾರಿ. ಆ ದಾರಿಯಲ್ಲೇ ರೆಸಾರ್ಟುಗಳೆದ್ದವು, ಬೇಲಿಗಳೆದ್ದವು. ದಾರಿ ಬಿಡಿಸಿಕೊಡಬೇಕೆಂದು ಮದರಾಸು ಹೈಕೋರ್ಟು 2011ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಮೂರೇ ತಿಂಗಳಿಗೆ, ಮೊದಲೇ ಗಾಯಗೊಂಡಿದ್ದ ಆನೆಯೊಂದು ಮಸಿನಗುಡಿಯ ತಂಗುಮನೆಯೊಂದರ ಬಳಿ ಬಂದಾಗ ಮೇಲಿನಿಂದ ಉರಿಯುವ ವಸ್ತು ಎಸೆದರು. ಅದು ಕಿವಿಗೆ ಸಿಕ್ಕಿಕೊಂಡು, ಆನೆ ಬೆಂಕಿ ಹೊತ್ತುಕೊಂಡೇ ಓಡಿತು. 2021ರ ಜನವರಿ 19ರಂದು, ಚಿಕಿತ್ಸೆಗೆಂದು ತೆಪ್ಪಕಾಡಿಗೆ ಸಾಗಿಸುವಾಗ ಸತ್ತಿತು. ಆದ್ದರಿಂದ ಕೋಣೆ ಕಾದಿರಿಸುವವನು ಈಜುಕೊಳದ ಉದ್ದ ಕೇಳುವ ಮೊದಲು ಆ ಕಟ್ಟಡಕ್ಕೆ ಪರವಾನಗಿ ಇದೆಯೇ, ಅದು ಆನೆದಾರಿಯಲ್ಲಿದೆಯೇ ಎಂದು ಕೇಳಬೇಕು. ಕೇಳಿದವರನ್ನು ಯಾವ ವರ್ಗಕ್ಕೆ ಸೇರಿಸಲಿ? ಸದ್ಯಕ್ಕೆ ಅಷ್ಟು ಜನ ಸಿಕ್ಕಿಲ್ಲ.

ಕಡೆಯದಾಗಿ ಮಾರ್ಗನಿರ್ಣಯ. ಮೈಸೂರು ಬಿಡುವುದು ಬೆಳಿಗ್ಗೆ, ತೆಪ್ಪಕಾಡಿನಲ್ಲಿ ಎಡಕ್ಕೆ, ಊಟಿ ನೋಡಲೇಬೇಕೆಂಬ ವ್ಯಸನವಿದ್ದರೆ ಕಲ್ಹಟ್ಟಿಯಲ್ಲಿ ಹತ್ತಿ ಗೂಡಲೂರಿನ ಮೇಲೆ ಇಳಿಯುವುದು. 2018ರಲ್ಲಿ ಘಾಟಿನ ಕಮರಿಗೆ ಉರುಳಿದ ಕಾರೊಂದು ಎರಡು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಐವರು ಸತ್ತರು. ಅಂದಿನಿಂದ ಹೊರಗಿನ ಗಾಡಿಗಳನ್ನು ಕಲ್ಹಟ್ಟಿಯಲ್ಲಿ ಇಳಿಯಲು ಬಿಡುವುದಿಲ್ಲ. ‘ಗೂಗಲ್ ಇದೇ ದಾರಿ ತೋರಿಸುತ್ತಿದೆ’ ಎಂದು ವಾದ ಹೂಡುವವರ ವರ್ಗೀಕರಣ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ತಲೈಕುಂದಾ ಚೆಕ್‌ಪೋಸ್ಟಿನ ಪೊಲೀಸರು ಮಾಡಿಕೊಡುತ್ತಾರೆ.