ಹಳೆ ಕಾರಿನ ಎಣ್ಣೆ: ಡೆಟ್ರಾಯಿಟ್‌ನಿಂದ ಮಾಸ್ತಿಕಟ್ಟೆಯವರೆಗೆ

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯ ಹೆಸರು. ಅದರ ಕೆಳಗೆ 5ಡಬ್ಲ್ಯು-30 ಎಂಬಂಥ ಒಂದು ಗುರುತು. ಕಾರಿಗೆ ಬೇಕಾದದ್ದು ಎರಡನೆಯದು, ಮನೆಯಲ್ಲಿ ಚರ್ಚೆಯಾಗುವುದು ಮೊದಲನೆಯದು. ಮಲೆನಾಡಿನ ಮಾಸ್ತಿಕಟ್ಟೆ ಕಡೆಯಿಂದ ಹೋಗಿ ಡೆಟ್ರಾಯಿಟ್ ಸುತ್ತಮುತ್ತ ನೆಲೆ ನಿಂತ ಕುಟುಂಬಗಳಲ್ಲಿ ಈ ಚರ್ಚೆ ಎರಡು ಖಂಡಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ. ಅಂಥ ಕುಟುಂಬಕ್ಕೆ ಹಳೆ ಕಾರು ಒಂದಲ್ಲ, ಎರಡು. ಅಮೆರಿಕದ ಗರಾಜಿನಲ್ಲಿ 2 ಲಕ್ಷ ಮೈಲಿಯ ಹತ್ತಿರ ಬಂದ ಕ್ಯಾಮ್ರಿ. ಊರಿನ ಶೆಡ್ಡಿನಲ್ಲಿ, ಅಡಿಕೆ ಚೀಲಗಳ ಪಕ್ಕ, ಟಾರ್ಪಾಲು ಹೊದ್ದು ಮಲಗಿದ ಮಾರುತಿ 800. ಮೊದಲನೆಯದನ್ನು ಮಾರಲು ಮನಸ್ಸಿಲ್ಲ, ಎರಡನೆಯದನ್ನು ಮಾರಲು ಅಪ್ಪಯ್ಯ ಬಿಡುವುದಿಲ್ಲ.

ಗುರುತಿನಲ್ಲಿರುವ ಡಬ್ಲ್ಯು ಚಳಿಗಾಲಕ್ಕೆ ಸಂಬಂಧಿಸಿದ್ದು. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಹೆಚ್ಚು ಚಳಿಯಲ್ಲಿ ಹರಿಯುತ್ತದೆ. ಮುಂದಿನ ಅಂಕಿ ಎಂಜಿನ್ ಕಾದಾಗ, ಎಂದರೆ 100 ಡಿಗ್ರಿಯಲ್ಲಿ, ಎಣ್ಣೆ ಎಷ್ಟು ಮಂದ ಉಳಿದಿರುತ್ತದೆ ಎಂಬುದನ್ನು ಹೇಳುತ್ತದೆ. ಈ ದರ್ಜೆಗಳನ್ನು ಗೊತ್ತುಮಾಡುವುದು ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ. ಡಿಸೆಂಬರಿನ ಬೆಳಿಗ್ಗೆ ಡಬ್ಬಿ ಬಗ್ಗಿಸಿದರೂ ಬೀಳದ ಜೋನಿ ಬೆಲ್ಲ ಬಿಸಿ ದೋಸೆ ತಾಗಿದ್ದೇ ತಟ್ಟೆಯ ಅಂಚಿಗೆ ಓಡುತ್ತದೆ. ಎಣ್ಣೆಯ ಸ್ವಭಾವವೂ ಅದೇ. ಚಳಿಯಲ್ಲಿ ಗಟ್ಟಿಯಾಗಬಾರದು, ಬಿಸಿಯಲ್ಲಿ ನೀರಾಗಬಾರದು ಎಂಬ ಎರಡು ಆಸೆಗಳನ್ನೂ ಒಂದೇ ಡಬ್ಬಿಯಲ್ಲಿ ಪೂರೈಸುವುದಕ್ಕೆ ಎರಡು ಅಂಕಿ.

ಇಷ್ಟನ್ನು ಒಪ್ಪದವರಲ್ಲಿ ಮೊದಲಿಗರು ಅಪ್ಪಯ್ಯ. ಮಾಸ್ತಿಕಟ್ಟೆಯ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿಯಲ್ಲಿದ್ದು ನಿವೃತ್ತರಾದವರಿಗೆ ಎಣ್ಣೆಯ ವಿಷಯದಲ್ಲಿ ಒಂದು ಅಧಿಕಾರವಾಣಿ ತಾನಾಗಿಯೇ ಬಂದಿರುತ್ತದೆ. ನಿಗಮದ ವಾರಾಹಿ ಜಲವಿದ್ಯುತ್ ಯೋಜನೆಯ ಭೂಗರ್ಭ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅವುಗಳ ಬೇರಿಂಗ್ ಕಂಡವರಿಗೆ ನಾಲ್ಕು ಸಿಲಿಂಡರಿನ ಕಾರು ಕಣ್ಣಿಗೆ ಕಾಣುವುದಿಲ್ಲ. ಆದರೆ ಟರ್ಬೈನಿನ ಎಣ್ಣೆಗೆ ಹೊಗೆ, ಮಸಿ, ಪೆಟ್ರೋಲುಗಳ ಕಾಟವಿಲ್ಲ. ಅದರ ದರ್ಜೆಯನ್ನು ಅಳೆಯುವುದು 40 ಡಿಗ್ರಿಯಲ್ಲಿ, ಬೇರೆಯೇ ಪಟ್ಟಿಯಿಂದ. ಆ ಅನುಭವದ ಬಲದ ಮೇಲೆ ವಿಡಿಯೊ ಕರೆಯಲ್ಲಿ ಹೊರಡುವ ಅಪ್ಪಣೆ ಮಾತ್ರ ಯಾವಾಗಲೂ ಒಂದೇ: "ಮಾಣಿ, ಗಾಡಿ ಹಳೇದಾಯ್ತು, ದಪ್ಪ ಆಯಿಲ್ ಹಾಕು. ಇಪ್ಪತ್ತು-ಐವತ್ತು."

20ಡಬ್ಲ್ಯು ದರ್ಜೆಯ ಎಣ್ಣೆಯನ್ನು ಚಳಿಯ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ. ಡೆಟ್ರಾಯಿಟ್‌ನ ಜನವರಿಯ ಕೆಲವು ರಾತ್ರಿಗಳು ಮೊದಲನೆಯ ಗೆರೆ ದಾಟುತ್ತವೆ. ಆಗ 20ಡಬ್ಲ್ಯು-50 ಹಾಕಿದ ಕಾರು ಬೆಳಿಗ್ಗೆ ನರಳಿಕೊಂಡು ತಿರುಗುತ್ತದೆ, ಹೊತ್ತಿಕೊಂಡರೂ ಎಣ್ಣೆ ಮೇಲಿನವರೆಗೆ ಏರಲು ತಡವಾಗುತ್ತದೆ. ಎಂಜಿನ್ ಹೆಚ್ಚು ಸವೆಯುವುದು ಆ ಹೊತ್ತಿನಲ್ಲೇ. ಮಾಸ್ತಿಕಟ್ಟೆಯ ಚಳಿ ಸೊನ್ನೆಯ ಹತ್ತಿರಕ್ಕೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಐದು ಜನ ಮತ್ತು ಒಂದು ಹಲಸಿನಹಣ್ಣು ತುಂಬಿಕೊಂಡು ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತುವ ಮಾರುತಿಗೆ 20ಡಬ್ಲ್ಯು-40 ಸರಿಯಾಗಿಯೇ ಹೊಂದುತ್ತದೆ. ಅಪ್ಪಯ್ಯನ ಸಲಹೆಯಲ್ಲಿ ಒಂದು ತಪ್ಪು ಊರು, ಇನ್ನೊಂದು ಒಂದು ಮೆಟ್ಟಿಲು ಹೆಚ್ಚಿದ ಅಂಕಿ.

ಹಳೆ ಎಂಜಿನ್ನಿಗೆ ದಪ್ಪ ಎಣ್ಣೆ ಎಂಬುದು ಅರ್ಧ ನಿಜ. ರಿಂಗು ಸವೆದು ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದರೆ, ಕಾರಿನ ಕೈಪಿಡಿ ಒಪ್ಪುವ ಮಿತಿಯೊಳಗೆ, ಮುಂದಿನ ಅಂಕಿಯನ್ನು ಒಂದು ಮೆಟ್ಟಿಲು ಏರಿಸಬಹುದು: 30 ಇದ್ದದ್ದು 40. ಅಮೆರಿಕದಲ್ಲಿ 75,000 ಮೈಲಿ ದಾಟಿದ ಕಾರುಗಳಿಗೆಂದೇ ಮಾರುವ ಎಣ್ಣೆಗಳಿವೆ. ಅವುಗಳಲ್ಲಿ ಒಣಗಿದ ಆಯಿಲ್ ಸೀಲುಗಳನ್ನು ಮೆದುಗೊಳಿಸುವ ಮದ್ದು ಸೇರಿರುತ್ತದೆ. ಸಣ್ಣ ಸೋರಿಕೆಗೆ ಅದು ಉಪಕಾರಿ. ಸಿಲಿಂಡರ್ ಸವೆದು ಬೋರಿಗೆ ಬಂದ ಎಂಜಿನ್ನಿಗೆ ಯಾವ ಡಬ್ಬಿಯೂ ಉಪಕಾರಿಯಲ್ಲ, ನೀಲಿ ಹೊಗೆಯನ್ನು ನೋಡಿ ಎದುರುಮನೆಯವರು ಸುಮ್ಮನಿರುವುದೂ ಇಲ್ಲ.

ಡಬ್ಬಿಯ ಮೇಲಿನ ಇನ್ನೊಂದು ಗುರುತು ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಅಕ್ಷರಗಳದು. ಎಸ್ ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಎಂದಾದರೆ ಡೀಸೆಲ್ಲಿಗೆ. 2010ರಲ್ಲಿ ಬಂದದ್ದು ಎಸ್‌ಎನ್, 2020ರಲ್ಲಿ ಎಸ್‌ಪಿ. ಹೊಸ ಅಕ್ಷರದ ಎಣ್ಣೆ ಸಾಮಾನ್ಯವಾಗಿ ಹಳೆ ಕಾರಿಗೂ ಆಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂಥ ಹಿರಿಯರ ಮಾತು ಬೇರೆ. ಅವುಗಳ ಕ್ಯಾಮ್‌ಶಾಫ್ಟಿಗೆ ಸತು ಮತ್ತು ರಂಜಕ ಬೆರೆತ ಸವೆತನಿರೋಧಕ ಹೆಚ್ಚು ಬೇಕು; ಹೊಗೆನಳಿಕೆಯ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಹೊಸ ಎಣ್ಣೆಗಳಲ್ಲಿ ಅದನ್ನು ಇಳಿಸಿದ್ದಾರೆ.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಈ ವಿಷಯ ಎತ್ತದಿರುವುದು ಒಳ್ಳೆಯದು. ಡೆಟ್ರಾಯಿಟ್‌ನಲ್ಲಿ ಆ ಸಾಲಿನ ಪ್ರತಿ ಮೂರನೆಯವರು ಕಾರು ಕಂಪನಿಯ ಎಂಜಿನಿಯರು. ಹೋಳಿಗೆ ಮುಗಿಯುವುದರೊಳಗೆ ಐದು ಅಭಿಪ್ರಾಯ ಬರುತ್ತವೆ, ಕೊಟ್ಟವರಲ್ಲಿ ತಮ್ಮ ಕಾರಿನ ಬಾನೆಟ್ ತೆಗೆಯುವ ಗುಬ್ಬಿ ಎಲ್ಲಿದೆಯೆಂದು ಬಲ್ಲವರು ಒಬ್ಬರೋ ಇಬ್ಬರೋ.

ದರ್ಜೆಗಿಂತ ಮುಖ್ಯವಾದದ್ದು ಮಟ್ಟ. ಹಳೆ ಕಾರುಗಳು ಸಾಯುವುದು ತಪ್ಪು ಎಣ್ಣೆಯಿಂದಲ್ಲ, ಎಣ್ಣೆ ಇಲ್ಲದ್ದರಿಂದ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು-ಹತ್ತು ನಿಮಿಷ ಬಿಟ್ಟು, ಎಣ್ಣೆ ಅಳೆಯುವ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ನೋಡಬೇಕು. ಮಾಸ್ತಿಕಟ್ಟೆಯಲ್ಲಿ ಸಮತಟ್ಟಾದ ಜಾಗ ಹುಡುಕುವುದೇ ಅರ್ಧ ಕೆಲಸ. ಡೆಟ್ರಾಯಿಟ್‌ನಲ್ಲಿ ಕಡ್ಡಿ ಒರೆಸಲು ಬಟ್ಟೆ ಹುಡುಕುವುದು. ಆರು ತಿಂಗಳಿಗೆಂದು ಬಂದ ಅಪ್ಪಯ್ಯನ ಪಂಚೆಯ ತುದಿ ಈ ಕೊರತೆಯನ್ನು ನೀಗಿಸುತ್ತದೆ, ಕಲೆಯ ಲೆಕ್ಕವನ್ನು ಅಮ್ಮ ಸೊಸೆಯ ವಾಷಿಂಗ್ ಮೆಷಿನ್ ಮೇಲೆ ಹೊರಿಸುತ್ತಾರೆ. ಕಡ್ಡಿಯ ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಪ್ರೀತಿಯಿಂದ ಮೇಲಿನ ಗುರುತು ದಾಟಿಸಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಬೇರಿಂಗ್ ಕಾಯುವ ಶಕ್ತಿಯಿಲ್ಲ.

ಓಡದ ಕಾರಿಗೂ ಆಯಿಲ್ ಬದಲಾಯಿಸಬೇಕು ಎಂಬುದು ಊರಿನಲ್ಲಿ ಯಾರೂ ನಂಬದ ಸಂಗತಿ. ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದಾದ ಹುಲಿಕಲ್ ಮಗ್ಗುಲಲ್ಲಿರುವ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಎಂಜಿನ್ನಿನೊಳಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ಅಪ್ಪಯ್ಯನ ಉಪಾಯ ಆ ನೀರನ್ನು ಆವಿಯಾಗಿಸುವಷ್ಟು ಎಂಜಿನ್ನನ್ನು ಕಾಯಿಸುವುದಿಲ್ಲ, ಬದಲಿಗೆ ಪೆಟ್ರೋಲು ಹನಿ ಸೇರಿಸುತ್ತದೆ. ಹೊಸನಗರದವರೆಗೆ ಹೋಗಿ ಬಂದರೆ ಎಂಜಿನ್ನಿಗೂ ಒಳ್ಳೆಯದು, ಮನೆಗೆ ಸಾಮಾನೂ ಬರುತ್ತದೆ. ಎಣ್ಣೆ ಸುರಿಯುವ ಬಾಯಿಯ ಮುಚ್ಚಳದ ಒಳಗೆ ಬೆಳ್ಳಗಿನ ಲೋಳೆ ಕಂಡರೆ ತೇವ ಸೇರಿದೆ. ಕಡ್ಡಿಯಲ್ಲೂ ಹಾಗೆಯೇ ಕಂಡು ರೇಡಿಯೇಟರಿನ ನೀರು ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆ, ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಕರೆಸಬೇಕು.

ಕೊನೆಯದು ಸುಟ್ಟ ಆಯಿಲಿನ ವಿಲೇವಾರಿ. ಮಲೆನಾಡಿನಲ್ಲಿ ಅದಕ್ಕೆ ಬೆಲೆಯುಂಟು: ಗೆದ್ದಲು ಹತ್ತದಂತೆ ಬೇಲಿಯ ಕಂಬಕ್ಕೆ ಬಳಿಯುತ್ತಾರೆ. ಅದೇ ಸದುದ್ದೇಶದಿಂದ ಅಪ್ಪಯ್ಯ ಡೆಟ್ರಾಯಿಟ್‌ನ ಹಿತ್ತಲ ಬೇಲಿಯತ್ತ ಬ್ರಷ್ ಹಿಡಿದು ಹೊರಟರೆ ತಡೆಯಬೇಕು, ಮಳೆಗೆ ತೊಳೆದು ಹಳ್ಳ ಸೇರುವ ಈ ಎಣ್ಣೆಯನ್ನು ಊರಿನಲ್ಲೂ ತಡೆಯುವುದೇ ಸರಿ. ಅಮೆರಿಕದ ಬಿಡಿಭಾಗದ ಅಂಗಡಿಗಳಲ್ಲಿ ಹಲವು ಇದನ್ನು ದುಡ್ಡಿಲ್ಲದೆ ತೆಗೆದುಕೊಳ್ಳುತ್ತವೆ. ಊರಿನಲ್ಲಿ ಆಯಿಲ್ ಬದಲಾಯಿಸಿದ ಗ್ಯಾರೇಜಿನಲ್ಲೇ ಬಿಟ್ಟು ಬರಬೇಕು. ಮಾರುತಿಯ ಆಯಿಲ್ಲನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿ. ಡಬ್ಬಿ ಕೊಳ್ಳುವ ಮೊದಲು ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಕೈಪಿಡಿ ಓದಿ, ಅಪ್ಪಯ್ಯನಿಗೆ ಆಮೇಲೆ ಫೋನ್ ಮಾಡಿ.